"ಇದೊಂದು ಸಣ್ಣ ಬದಲಾವಣೆ ಅಷ್ಟೇ" ಅಂತ ಶುರುವಾಗಿ ಏಳನೇ ತಿಂಗಳು: ಸ್ಕೋಪ್ (ಒಪ್ಪಿಕೊಂಡ ಕೆಲಸದ ಮಿತಿ) ಹಿಡಿದಿಡುವುದು ಹೇಗೆ?

ವಾಕಡ್ ಹುಡುಗ, ಪುಣೆ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಹೊಟ್ಟೆಪಾಡು ಪುಣೆ. ಹದಿನಾಲ್ಕು ಜನರ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ದಿನವಿಡೀ ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ.

ಮಾರ್ಕೆಟ್ ಯಾರ್ಡ್ ಕಡೆ ಗೋಡೌನ್ ಇಟ್ಟಿರುವ ಮಸಾಲೆ ವ್ಯಾಪಾರಿಯೊಬ್ಬರಿಗೆ ಸ್ಟಾಕ್ ಲೆಕ್ಕ ಇಡುವ ಆ್ಯಪ್ ಮಾಡಿಕೊಡಲು ಒಪ್ಪಿಕೊಂಡೆವು. 18 ಲಕ್ಷ, ನಾಲ್ಕು ತಿಂಗಳು. 40 ಪರ್ಸೆಂಟ್ ಮುಂಗಡ, 30 ಟೆಸ್ಟಿಂಗ್‌ಗೆ ಕೊಟ್ಟಾಗ, ಉಳಿದ 30 ಲೈವ್ ಆದ ಮೇಲೆ. ಒಪ್ಪಂದದಲ್ಲಿ ಕೆಲಸದ ವಿವರ ಇರುವುದು ಒಂದೂವರೆ ಪುಟ. ಅದರಲ್ಲಿ ಒಂದು ಸಾಲು: "ಅಗತ್ಯವಿರುವ ಎಲ್ಲ ರಿಪೋರ್ಟ್‌ಗಳು". ಬರೆದವನು ನಾನೇ. ಈಗ ಆ ಸಾಲು ಕಂಡರೆ ಹೊಟ್ಟೆ ತೊಳಸುತ್ತದೆ.

ಈಗ ಏಳನೇ ತಿಂಗಳು. ಕೆಲಸಗಳ ಪಟ್ಟಿ ಇಡುವ ಟ್ರ್ಯಾಕರ್‌ನಲ್ಲಿ ಒಪ್ಪಂದ ಆದ ಮೇಲೆ ಸೇರಿದ ಟಿಕೆಟ್‌ಗಳೇ (ಒಂದೊಂದು ಕೆಲಸಕ್ಕೆ ಒಂದೊಂದು ನಮೂದು) 63. ಸೇಠ್‌ಜಿ ಒಳ್ಳೆಯ ಮನುಷ್ಯ, ಹೋದಾಗಲೆಲ್ಲ ಚಹಾ, ಮೇಲೆ ಒಂದು ಪೊಟ್ಟಣ ಲವಂಗ. ಆದರೆ ರಾತ್ರಿ ಹತ್ತೂವರೆಗೆ ವಾಟ್ಸಾಪ್ ಟಿಂಗ್ ಅನ್ನುತ್ತದೆ. "ಬಸ್, ಏವಢಂಚ್." ಇಷ್ಟೇ, ಇನ್ನೇನೂ ಇಲ್ಲ ಅಂತ. ಬಿಲ್ ಮೇಲೆ ಕ್ಯೂಆರ್ ಕೋಡ್ ಬರಲಿ. ಡ್ರೈವರ್‌ಗೆ ಬೇರೆ ಲಾಗಿನ್ ಇರಲಿ. ಹೋದ ವಾರ ಬಂದದ್ದು: "ಅಳಿಯ ನಾಶಿಕ್‌ನಲ್ಲಿ ಗೋಡೌನ್ ತೆಗೆದಿದ್ದಾನೆ, ಅದನ್ನೂ ಸೇರಿಸಿಬಿಡಿ." ಅವರ ಕಣ್ಣಿಗೆ ಅದು ಒಂದು ಡ್ರಾಪ್‌ಡೌನ್, ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ ಅಷ್ಟೇ. ನಮಗೆ ಡೇಟಾಬೇಸಿನ ಅಡಿಪಾಯವನ್ನೇ ಅಗೆದ ಹಾಗೆ. ಒಂದೇ ಗೋಡೌನ್ ಅಂತಲೇ ಎಲ್ಲ ಕಟ್ಟಿದ್ದೇವೆ.

ಕೊನೆಯ 30 ಪರ್ಸೆಂಟ್ ಅವರ ಕೈಯಲ್ಲಿದೆ. ಸಂಬಂಧ ಕೆಡದ ಹಾಗೆ "ಆಗಲ್ಲ" ಅನ್ನುವುದು ಹೇಗೆ? ಅನುಭವ ಇದ್ದವರು ಹೇಳಿ.

ಘಾಟ್ಕೋಪರ್ ಶೆಟ್ರು, ಮುಂಬೈ

ನಿಮ್ಮದು ಆ್ಯಪ್, ನನ್ನದು ಅಡುಗೆಮನೆ. ಕಾಯಿಲೆ ಒಂದೇ.

ಇಂಟೀರಿಯರ್ ಕಾಂಟ್ರಾಕ್ಟ್ ಮಾಡುತ್ತೇನೆ, ಇಪ್ಪತ್ತೆರಡು ವರ್ಷ ಆಯ್ತು. ಮುಲುಂಡ್‌ನಲ್ಲಿ ಒಂದು ಟೂ ಬಿಎಚ್‌ಕೆ ಹಿಡಿದಿದ್ದೆ. ಮೂರನೇ ವಾರ ಮನೆಯೊಡತಿ ಬಂದು ನೋಡಿ, "ಶೆಟ್ಟೀಜಿ, ಸಿಂಕ್ ಕಿಟಕಿ ಕೆಳಗೆ ಬರಲಿ, ಎರಡೇ ಅಡಿ ಅಲ್ವಾ" ಅಂದರು. ನಾನೂ ನಗುತ್ತಾ ಆಯ್ತು ಅಂದೆ. ಆ ಎರಡು ಅಡಿಯ ಕಥೆ ಕೇಳಿ. ಔಟ್‌ಲೆಟ್ ಪೈಪಿನ ಇಳಿಜಾರು ಸಾಲಲಿಲ್ಲ, ಹಾಗಾಗಿ ನೆಲ ಒಡೆಯಬೇಕು. ನೆಲ ಒಡೆದರೆ ವಾಟರ್‌ಪ್ರೂಫಿಂಗ್ ಹೋಯ್ತು. ಅದನ್ನು ಮತ್ತೆ ಮಾಡಿ, ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು. ಗೋಡೆಗೆ ಹಚ್ಚಿದ್ದ ಟೈಲ್ಸ್ ಕಿತ್ತು ಹಾಕಬೇಕು, ಅದೇ ಬ್ಯಾಚಿನ ಟೈಲ್ಸ್ ಅಂಗಡಿಯಲ್ಲಿ ಖಾಲಿ. ಸೊಸೈಟಿ ಸೆಕ್ರೆಟರಿ ಪೈಪ್ ಮುಟ್ಟಲು ಮತ್ತೆ ಅರ್ಜಿ ಕೊಡಿ ಅಂದ. ಒಟ್ಟು ಹನ್ನೊಂದು ದಿನ, 46 ಸಾವಿರ. ಲೆಕ್ಕ ಮುಗಿಸುವಾಗ ಯಜಮಾನರು, "ಎರಡು ಅಡಿಗೆ ಅಷ್ಟು ದುಡ್ಡಾ?" ಅಂದು 15 ಕೊಟ್ಟರು. ಅವರನ್ನು ಏನೆಂದು ಬೈಯಲಿ? ನಾನು ಬರೆಸಿಕೊಂಡೇ ಇರಲಿಲ್ಲ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಕಾರ್ಬನ್ ಪೇಪರ್ ಇರುವ ಡೂಪ್ಲಿಕೇಟ್ ಬುಕ್ ಇರುತ್ತದೆ. ಬಿಓಕ್ಯೂನಲ್ಲಿ (ಕೆಲಸ, ಅಳತೆ, ರೇಟು ಬರೆದ ಪಟ್ಟಿ) ಇಲ್ಲದ್ದು ಕೇಳಿದರೆ ಸೈಟಿನಲ್ಲೇ ನಿಂತು ಬರೆಯುತ್ತೇನೆ. ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಹೆಚ್ಚು, ಕೆಳಗೆ ಸಹಿ. ಗುಲಾಬಿ ಹಾಳೆ ಅವರಿಗೆ, ಬಿಳಿ ನನಗೆ. ಸಹಿ ಬೀಳದೆ ನನ್ನ ಕಾರ್ಪೆಂಟರ್ ಸುತ್ತಿಗೆ ಎತ್ತುವುದಿಲ್ಲ. ಬುಕ್ ಹೊರಗೆ ತೆಗೆದ ತಕ್ಷಣ ಅರ್ಧಕ್ಕರ್ಧ ಬೇಡಿಕೆ ಅಲ್ಲೇ ಸತ್ತುಹೋಗುತ್ತವೆ ಮಾರಾಯ್ರೆ. "ಆಗಲ್ಲ" ಅಂತ ಒಂದು ಸಲವೂ ಹೇಳಿಲ್ಲ. "ಆಗುತ್ತೆ, ಇಷ್ಟಾಗುತ್ತೆ" ಅಂತಲೇ ಹೇಳುವುದು.

ಐರೋಲಿ ಅಕ್ಕ, ನವಿ ಮುಂಬೈ

ಶೆಟ್ರೇ, ನಿಮ್ಮ ಗುಲಾಬಿ ಹಾಳೆಗೆ ನಮ್ಮಲ್ಲಿ ಚೇಂಜ್ ರಿಕ್ವೆಸ್ಟ್ ಅಂತಾರೆ. ಅದಕ್ಕೆ ಒಂದು ಟೂಲು, ಮೂರು ಅಪ್ರೂವಲ್ಲು, ವಾರಕ್ಕೊಂದು ಮೀಟಿಂಗು. ಕೆಲಸ ನಿಮ್ಮ ಬುಕ್ಕಿನದ್ದೇ.

ತಮ್ಮಾ ವಾಕಡ್, ನಿನ್ನ ರೋಗ ಏಳನೇ ತಿಂಗಳಿನದ್ದಲ್ಲ, ಮೊದಲನೇ ವಾರದ್ದು. "ಅಗತ್ಯವಿರುವ ಎಲ್ಲ" ಅಂತ ಬರೆದರೆ ಅಗತ್ಯ ಎಷ್ಟು ಅಂತ ತೀರ್ಮಾನಿಸುವವರು ಯಾರು? ಅವರೇ. "ಏಳು ರಿಪೋರ್ಟ್, ಇವು ಹೆಸರು, ಪ್ರತಿಯೊಂದರಲ್ಲೂ ಈ ಕಾಲಂಗಳು" ಅಂತ ಬರೆದಿದ್ದರೆ ಎಂಟನೆಯದು ಕೇಳುವಾಗ ಅವರಿಗೇ ಗೊತ್ತಾಗುತ್ತಿತ್ತು ಇದು ಹೊಸದು ಅಂತ. ಏನಾದರೆ ಕೆಲಸ ಮುಗಿದಂತೆ ಅನ್ನುವುದನ್ನೂ ಆಗಲೇ ಬರೆಯಬೇಕು. ಇಲ್ಲದಿದ್ದರೆ ನಿನ್ನ ಆ 30 ಪರ್ಸೆಂಟ್ ಯಾವತ್ತೂ "ಇನ್ನೊಂದು ಸಣ್ಣದು" ಆದ ಮೇಲೆಯೇ.

ಎರಡು ಸ್ಕೋಪ್ ಇರುತ್ತವೆ, ಜನ ಒಂದನ್ನೇ ಬರೆಯುತ್ತಾರೆ. ಪ್ರಾಡಕ್ಟ್ ಸ್ಕೋಪ್ ಅಂದರೆ ಆ್ಯಪ್ ಏನೇನು ಮಾಡಬೇಕು ಅನ್ನುವುದು. ಪ್ರಾಜೆಕ್ಟ್ ಸ್ಕೋಪ್ ಅಂದರೆ ಅದನ್ನು ಅವರ ಕೈಗಿಡಲು ನಾವು ಮಾಡಬೇಕಾದ ಕೆಲಸವೆಲ್ಲ. ಹಳೆಯ ಸ್ಟಾಕ್ ಲೆಕ್ಕವನ್ನು ಎಕ್ಸೆಲ್‌ನಿಂದ ತರುವುದು ಯಾರು? ಅದನ್ನು ಶುಚಿ ಮಾಡುವುದು ಯಾರು? ಗೋಡೌನ್ ಹುಡುಗರಿಗೆ ಎಷ್ಟು ದಿನ ಕಲಿಸಿಕೊಡಬೇಕು? ಇವು ಯಾವುದೂ ಸ್ಕ್ರೀನ್ ಮೇಲೆ ಕಾಣುವುದಿಲ್ಲ, ದಿನಗಳನ್ನು ಮಾತ್ರ ನುಂಗುತ್ತವೆ.

ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆಗೆ ಓದುವಾಗ ಡಬ್ಲ್ಯೂಬಿಎಸ್ (ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್) ಅಂತ ಬರುತ್ತದೆ. ಇಡೀ ಕೆಲಸವನ್ನು ಕೊಂಬೆ ಕೊಂಬೆಯಾಗಿ ಒಡೆದು, ಒಬ್ಬರಿಗೆ ವಹಿಸಿ ದಿನ ಲೆಕ್ಕ ಹಾಕುವಷ್ಟು ಸಣ್ಣದು ಮಾಡುವುದು. ಅದಕ್ಕೊಂದು ನೂರು ಪರ್ಸೆಂಟ್ ನಿಯಮ ಇದೆ: ಕೆಳಗಿನ ಕೊಂಬೆಗಳನ್ನೆಲ್ಲ ಕೂಡಿಸಿದರೆ ಮೇಲಿನದು ಪೂರ್ತಿ ಬರಬೇಕು, ಹೆಚ್ಚೂ ಬರಬಾರದು, ಕಡಿಮೆಯೂ ಬರಬಾರದು. ಆ ಪರೀಕ್ಷೆಗೆ ಓದಿದ್ದರಲ್ಲಿ ಮುಕ್ಕಾಲು ಮರೆತಿದ್ದೇನೆ, ಇದನ್ನು ಮಾತ್ರ ಮರೆತಿಲ್ಲ. ಸ್ಕೋಪ್ ಸ್ಟೇಟ್‌ಮೆಂಟ್, ಡಬ್ಲ್ಯೂಬಿಎಸ್, ಅದರ ವಿವರ ಬರೆದ ಡಿಕ್ಷನರಿ, ಈ ಮೂರಕ್ಕೆ ಸಹಿ ಬಿದ್ದರೆ ಅದೇ ಬೇಸ್‌ಲೈನ್. ಗೆರೆ ಎಳೆದಿದ್ದರೆ ತಾನೇ ದಾಟಿದ್ದು ಕಾಣುವುದು?

ಇನ್ನೊಂದು. "ಇದು ಇಲ್ಲ" ಅನ್ನುವ ಪಟ್ಟಿ ಬರಿ. ನಾಚಿಕೊಳ್ಳಬೇಡ. ಎರಡನೇ ಗೋಡೌನ್ ಇಲ್ಲ, ಐಫೋನ್ ಆವೃತ್ತಿ ಇಲ್ಲ, ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್ ಜೋಡಣೆ ಇಲ್ಲ. ನನ್ನ ಒಪ್ಪಂದಗಳಲ್ಲಿ ಈ ಪಟ್ಟಿ "ಇದೆ" ಪಟ್ಟಿಗಿಂತ ಉದ್ದ ಇರುತ್ತದೆ.

ಸ್ಪ್ರಿಂಟ್ ಸೀನ, ಖರಾಡಿ

ಅಕ್ಕಾ, ಇದೆಲ್ಲ ಸೇತುವೆ ಕಟ್ಟುವವರಿಗೆ ಸರಿ. 2001ರಲ್ಲಿ ಹದಿನೇಳು ಜನ ಅಮೆರಿಕದ ಯೂಟಾದಲ್ಲಿ ಕೂತು ಅಜೈಲ್ (ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವೇ ಮಾಡಿ, ತೋರಿಸಿ, ತಿದ್ದುವ ಪದ್ಧತಿ) ಮ್ಯಾನಿಫೆಸ್ಟೊ ಬರೆದಾಗ ಹೇಳಿದ್ದೇ ಇದನ್ನು: ಒಪ್ಪಂದದ ಜಗ್ಗಾಟಕ್ಕಿಂತ ಗ್ರಾಹಕರ ಜೊತೆ ಕೂತು ಕೆಲಸ ಮಾಡುವುದು ಮೇಲು. ಗ್ರಾಹಕರಿಗೆ ಏನು ಬೇಕು ಅಂತ ಅವರಿಗೇ ಮೊದಲ ದಿನ ಗೊತ್ತಿರುವುದಿಲ್ಲ. ಬಳಸಿ ನೋಡಿದ ಮೇಲೆ ಗೊತ್ತಾಗುತ್ತದೆ. ಬದಲಾವಣೆಯನ್ನು ಶತ್ರು ಅಂದುಕೊಂಡರೆ ಯಾರೂ ಮುಟ್ಟದ ಆ್ಯಪ್ ಕಟ್ಟುತ್ತೀರಿ, ಸಹಿ ಸಮೇತ.

ದುಡ್ಡು ಮತ್ತು ದಿನ ಗಟ್ಟಿ ಮಾಡಿ, ಸ್ಕೋಪ್ ಸಡಿಲ ಬಿಡಿ. ಹೊಸದು ಒಂದು ಒಳಗೆ ಬಂದರೆ, ಅಷ್ಟೇ ತೂಕದ್ದು ಒಂದು ಹೊರಗೆ ಹೋಗಲಿ. ಯಾವುದು ಹೋಗಬೇಕು ಅಂತ ಅವರೇ ಆರಿಸಲಿ.

ಘಾಟ್ಕೋಪರ್ ಶೆಟ್ರು

ಸೀನಣ್ಣ, ಸಿಂಕ್ ಒಳಗೆ ಬಂತು. ಹೊರಗೆ ಯಾವುದನ್ನು ಹಾಕಲಿ, ಫ್ರಿಜ್ಜಾ?

ಸ್ಪ್ರಿಂಟ್ ಸೀನ

😄 ಸೋತೆ. ಒಪ್ಪುತ್ತೇನೆ, ಕಾಂಕ್ರೀಟ್ ಬಿದ್ದ ಮೇಲೆ ಈ ಆಟ ನಡೆಯಲ್ಲ.

ಐರೋಲಿ ಅಕ್ಕ

ಸೀನ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಫಿಕ್ಸೆಡ್ ಪ್ರೈಸ್‌ಗೆ ಸಹಿ ಹಾಕಿ ಅಜೈಲ್ ಹಾಡು ಹೇಳಿದರೆ ನಷ್ಟ ನಮ್ಮದೇ. ನಡುವಿನ ದಾರಿ ಅಂದರೆ ಮಾಸ್ಕೋ ಪದ್ಧತಿ. ರಷ್ಯಾದ ಊರಿಗೂ ಅದಕ್ಕೂ ಸಂಬಂಧ ಇಲ್ಲ, ಮಸ್ಟ್, ಶುಡ್, ಕುಡ್, ವೋಂಟ್ ಅನ್ನುವ ಇಂಗ್ಲಿಷ್ ಪದಗಳ ಮೊದಲಕ್ಷರದಿಂದ ಬಂದ ಹೆಸರು. ಇರಲೇಬೇಕು, ಇದ್ದರೆ ಒಳ್ಳೆಯದು, ಸಾಧ್ಯವಾದರೆ ಆಯ್ತು, ಈ ಸಲ ಇಲ್ಲ ಅಂತ ನಾಲ್ಕು ಬುಟ್ಟಿ. ಎಲ್ಲವನ್ನೂ ಮೊದಲನೇ ಬುಟ್ಟಿಗೆ ಸುರಿಯುವ ಗ್ರಾಹಕರಿಗೆ ನಾನು ಕೇಳುವುದು ಒಂದೇ: "ಇದಿಲ್ಲದೆ ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯಲು ಆಗಲ್ವಾ?"

ಅಂಧೇರಿ ಲೋಕಲ್, ಮುಂಬೈ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಎಲ್ಲದಕ್ಕೂ "ಹೋ ಜಾಯೇಗಾ" ಅನ್ನುವುದು ಗ್ರಾಹಕರಲ್ಲ, ನಮ್ಮದೇ ಸೇಲ್ಸ್‌ನವರು. ಅವರು ಫೋನಿನಲ್ಲಿ ಒಪ್ಪಿಕೊಂಡದ್ದು ನನಗೆ ಗೊತ್ತಾಗುವುದು ಡೆಮೊ ದಿನ. ಇದಕ್ಕೇನು ಮದ್ದು?

ಐರೋಲಿ ಅಕ್ಕ

ಒಂದೇ ಬಾಗಿಲು ಇಡಿ. ಬೇಡಿಕೆ ಯಾರ ಬಾಯಿಂದ ಬಂದರೂ ಒಂದೇ ಪಟ್ಟಿಗೆ ಬರಬೇಕು, ಹೂಂ ಅನ್ನುವವರು ಒಬ್ಬರೇ ಇರಬೇಕು. ಮತ್ತು ಹೆಚ್ಚಿನ ಕೆಲಸದ ಖರ್ಚು ಆ ಸೇಲ್ಸ್‌ನವರ ಲೆಕ್ಕಕ್ಕೆ ಹೋಗುವಂತೆ ಬಾಸ್ ಹತ್ತಿರ ಮಾಡಿಸಿ. ಬಾಯಿ ತಾನಾಗಿ ಮುಚ್ಚುತ್ತದೆ.

ಠಾಣೆ ಸೈಟ್ ಎಂಜಿನಿಯರ್

ಸೇತುವೆ ಅಂದಿರಲ್ಲ ಸೀನ, ಸೇತುವೆಯವನೇ ಬಂದೆ.

ಮುಂಬೈ ಕೋಸ್ಟಲ್ ರೋಡ್ ನೋಡಿ. ವರ್ಲಿಯಲ್ಲಿ ಅದನ್ನು ಸೀ ಲಿಂಕ್ ಸಮುದ್ರ ಸೇತುವೆಗೆ ಜೋಡಿಸುವ ಕಡೆ ಸಮುದ್ರದಲ್ಲಿ ಕಂಬಗಳು ಬರಬೇಕಿತ್ತು, ಕಂಬದಿಂದ ಕಂಬಕ್ಕೆ 60 ಮೀಟರ್. ಡ್ರಾಯಿಂಗ್‌ನಲ್ಲಿ ಎಲ್ಲ ಸರಿ. ವರ್ಲಿ ಕೋಳಿವಾಡಾದ ಮೀನುಗಾರರು ತಕರಾರು ತೆಗೆದರು. ಅವರ ದೋಣಿ ಕಡಲಿಗೆ ಹೋಗುವ ದಾರಿ ಅದೇ, ಅಲೆ ಜೋರಿದ್ದಾಗ 60 ಮೀಟರ್ ಸಂದಿಯಲ್ಲಿ ದೋಣಿ ಕಂಬಕ್ಕೆ ಬಡಿಯುತ್ತದೆ ಅಂತ. ಅಲ್ಲಿನ ಕೆಲಸ ನಿಂತಿತು. ಕೊನೆಗೆ 2022ರ ಡಿಸೆಂಬರ್ ಹೊತ್ತಿಗೆ ಮಹಾನಗರ ಪಾಲಿಕೆ ಒಪ್ಪಿ, 8ನೇ ಕಂಬವನ್ನೇ ಕೈಬಿಟ್ಟು ಸಂದಿಯನ್ನು 120 ಮೀಟರ್ ಮಾಡಿತು. ಒಂದು ಕಂಬ ತೆಗೆದರೆ ಮೇಲಿನ ತೊಲೆಯೇ ಬೇರೆಯಾಗಬೇಕು. 2024ರ ಏಪ್ರಿಲ್‌ನಲ್ಲಿ 136 ಮೀಟರ್ ಉದ್ದದ ಬಿಲ್ಲಿನಾಕಾರದ ಉಕ್ಕಿನ ಕಮಾನನ್ನು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೆ ತಂದು ಕೂರಿಸಿದರು. ಮೇಲಿಂದ ಹೋಗುವಾಗ ಎಲ್ಲರೂ ಫೋಟೊ ತೆಗೆಯುತ್ತಾರೆ, ಚೆಂದ ಇದೆ ಅಂತ. ಅದು ಸ್ಕೋಪ್ ಬದಲಾವಣೆಯ ಫೋಟೊ ಅಂತ ಎಷ್ಟು ಜನಕ್ಕೆ ಗೊತ್ತು?

ಇದನ್ನು ಸ್ಕೋಪ್ ಕ್ರೀಪ್, ಅಂದರೆ ಒಪ್ಪಿದ ಕೆಲಸ ಸದ್ದಿಲ್ಲದೆ ಬೆಳೆಯುತ್ತಾ ಹೋಗುವುದು, ಅನ್ನುತ್ತೀರಾ? ನಾನು ಅನ್ನಲ್ಲ. ದೋಣಿ ಹೊಸದಾಗಿ ಬಂದದ್ದಲ್ಲ, ಮೊದಲಿಂದಲೂ ಅಲ್ಲೇ ಓಡಾಡುತ್ತಿತ್ತು. ವಾಕಡ್ ಅವರೇ, ನಿಮ್ಮ 63ರಲ್ಲಿ ದೋಣಿಗಳು ಎಷ್ಟಿವೆ, ಸಿಂಕ್‌ಗಳು ಎಷ್ಟಿವೆ? ಬೆಲೆ ಕಟ್ಟುವ ಮೊದಲು ಅದನ್ನು ಬೇರೆ ಮಾಡಿ.

ಮಡಗಾಂವ್ ಭಟ್ಟ, ಗೋವಾ

ನಾನು ಕೇಟರಿಂಗ್. ಸುಮ್ನೆ ನಮ್ಮ ಕಡೆಯ ಪದ್ಧತಿ ಹೇಳುತ್ತೇನೆ. ಮುಂಬೈ, ಬೆಂಗಳೂರಿನವರು ಗೋವಾಕ್ಕೆ ಬಂದು ಮದುವೆ ಮಾಡುತ್ತಾರಲ್ಲ, 250 ಜನ ಅಂತ ಹೇಳುತ್ತಾರೆ, ಬರುವುದು 310. ಜಗಳ ಬೇಡ ಅಂತ ನಾವು ಮೊದಲೇ ತಟ್ಟೆ ಎಣಿಸುತ್ತೇವೆ. ಊಟಕ್ಕೆ ಮುಂಚೆ ಅವರ ಕಡೆಯವರೊಬ್ಬರು, ನಮ್ಮವನೊಬ್ಬ, ಇಬ್ಬರೂ ನಿಂತು ಎಣಿಸಿ ಸಹಿ ಮಾಡಬೇಕು. ಮುಗಿದ ಮೇಲೆ ಉಳಿದ ತಟ್ಟೆ ಎಣಿಸಬೇಕು. ವ್ಯತ್ಯಾಸಕ್ಕೆ ರೇಟು ಮೊದಲೇ ಬರೆದಿರುತ್ತದೆ. ಹುಡುಗನ ಮಾವನಿಗೂ ಮಾತಿಲ್ಲ, ನನಗೂ ಮಾತಿಲ್ಲ. ಹೆಚ್ಚಿನದಕ್ಕೆ ರೇಟು ಜಗಳ ಶುರುವಾಗುವ ಮೊದಲೇ ನಿಗದಿ ಆಗಿರಬೇಕು, ಅಷ್ಟೇ.

ಕೊತ್ರೂಡ್ ಕಾಕಾ, ಪುಣೆ

ನಮ್ಮ ಪುಣೆ ವಿದ್ಯಾಪೀಠ ಚೌಕದ ಫ್ಲೈಓವರ್ ನೆನಪಿದೆಯಾ? 2020ರಲ್ಲಿ ಲಾಕ್‌ಡೌನ್ ಸಮಯ ನೋಡಿ ಕೆಡವಿದರು. ಮೆಟ್ರೊ ಬರಬೇಕು, ಎರಡು ಅಂತಸ್ತಿನ ಹೊಸದು ಬೇಕು ಅಂತ. ಗಟ್ಟಿ ಇತ್ತು ಪಾಪ, ಮುಂದೆ ಬರುವ ಮೆಟ್ರೊಗೆ ಜಾಗ ಮಾತ್ರ ಇರಲಿಲ್ಲ. ಆ ಸಿಗ್ನಲ್ಲಿನಲ್ಲಿ ನಾನು ಕಳೆದ ಆಯುಷ್ಯಕ್ಕೆ ಯಾರ ಹತ್ತಿರ ಬಿಲ್ ಮಾಡಲಿ?

ವಾಕಡ್ ಹುಡುಗ

ನಾಲ್ಕು ದಿನ ಬರೆಯಲಿಲ್ಲ, ಕಾರಣ ಇದೆ. ಠಾಣೆ ಸರ್ ಹೇಳಿದ ಹಾಗೆ 63ನ್ನೂ ಎಕ್ಸೆಲ್‌ಗೆ ಹಾಕಿ, ಪ್ರತಿಯೊಂದರ ಮುಂದೆ "ಇದು ಎಲ್ಲಿಂದ ಬಂತು" ಅಂತ ಬರೆದೆ. ಎಲ್ಲ ಸೇಠ್‌ಜಿಯದ್ದೇ ಅಂದುಕೊಂಡಿದ್ದೆ.

14 ನಮ್ಮದೇ ತಪ್ಪು. ಒಪ್ಪಂದದಲ್ಲಿ ಇದ್ದದ್ದನ್ನು ಅರ್ಧಂಬರ್ಧ ಮಾಡಿದ್ದೆವು. 21 ನಿಜವಾಗಿಯೂ ಹೊಸ ಬೇಡಿಕೆ, ಸಿಂಕ್‌ಗಳು. 17 ಯಾರೂ ಕೇಳಿಯೇ ಇಲ್ಲ! ನಮ್ಮ ಹುಡುಗರು ತಾವೇ ಸೇರಿಸಿದ್ದು. ಡಾರ್ಕ್ ಮೋಡ್, ಗಿರಗಿರ ತಿರುಗುವ ಗ್ರಾಫ್, ಹುಟ್ಟುಹಬ್ಬದ ದಿನ ಬಲೂನ್ ಹಾರುವ ಲಾಗಿನ್ ಪುಟ. ಮೆಣಸಿನಕಾಯಿ ಗೋಡೌನ್‌ಗೆ ಬಲೂನ್. ಅದನ್ನು ಡೆಮೊದಲ್ಲಿ "ಸೂಪರ್" ಅಂದವನೂ ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನನ್ನ ಪರಿಸ್ಥಿತಿ.

ಉಳಿದ 11 ದೋಣಿಗಳು. ಅವು ಏನು ಅಂತ ಅರ್ಥವಾಗದೆ ಶನಿವಾರ ಬೆಳಿಗ್ಗೆ ಗೋಡೌನ್‌ಗೆ ಹೋದೆ. ಏಳು ತಿಂಗಳಲ್ಲಿ ಮೊದಲನೇ ಸಲ. ಇಷ್ಟು ದಿನ ಎಲ್ಲ ಮಾತುಕತೆ ಸೇಠ್‌ಜಿಯ ಎಸಿ ಕ್ಯಾಬಿನ್‌ನಲ್ಲೇ, ಅವರು ಮತ್ತು ಅವರ ಲೆಕ್ಕದವರ ಜೊತೆ. ಆ್ಯಪ್ ಬಳಸುವವರು ಕೆಳಗಿನ ಹಮಾಲರು. ಮೂಟೆ ಮೇಲೆ ಮಾಲಿನ ಹೆಸರನ್ನು ಸೀಮೆಸುಣ್ಣದಲ್ಲಿ ಮರಾಠಿಯಲ್ಲಿ ಬರೆಯುತ್ತಾರೆ, ನಮ್ಮ ಆ್ಯಪ್‌ನಲ್ಲಿ ಅದು ಇಂಗ್ಲಿಷ್ ಕೋಡ್. ಒಬ್ಬರು ಹಿರಿಯರು ಮೂಟೆ ಇಳಿಸಿ ಫೋನ್ ತೆಗೆದರು. ಹೆಬ್ಬೆರಳಿಗೆ ಅರಿಶಿನ ಪುಡಿ ದಪ್ಪಗೆ ಮೆತ್ತಿಕೊಂಡಿದೆ. ಒತ್ತಿದರು, ಸ್ಕ್ರೀನ್ ಕೇಳಲಿಲ್ಲ. ಅಂಗಿಗೆ ಒರೆಸಿಕೊಂಡರು, ಅಂಗಿಯಲ್ಲೂ ಅರಿಶಿನ. ಮತ್ತೆ ಒತ್ತಿದರು, ಪಕ್ಕದ ಬಟನ್ ಒತ್ತಿಹೋಯ್ತು. ಕೊನೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿದರು. ನಮ್ಮ ಡಿಸೈನರ್ ಆ ಬಟನ್ ಅಷ್ಟು ನಾಜೂಕಾಗಿ ಮಾಡಿದ್ದ.

"ಬಟನ್ ದೊಡ್ಡದು ಮಾಡಿ", "ಮರಾಠಿ ಹೆಸರು ಬರಲಿ", "ಹಿಂದೆ ಹೋಗುವ ಗುಂಡಿ ಕೊಡಿ", ಈ ಥರದ ಸಂದೇಶಗಳನ್ನೆಲ್ಲ ನಾನು ಸೇಠ್‌ಜಿಯ ಕಿರಿಕಿರಿ ಅಂತ ಎಣಿಸಿದ್ದೆ.

ಐರೋಲಿ ಅಕ್ಕ

ತಮ್ಮಾ, ಈಗ ದಾರಿಗೆ ಬಂದೆ. 14 ಮತ್ತು 11 ಪುಕ್ಕಟೆ ಮಾಡಿಕೊಡು, ಮಾತಾಡದೆ. 17ನ್ನು ಕಿತ್ತು ಹಾಕು, ಇಟ್ಟುಕೊಂಡರೆ ನಾಳೆ ಅದರ ದುರಸ್ತಿಯೂ ನಿನ್ನದೇ. ನಮ್ಮಲ್ಲಿ ಇದಕ್ಕೆ ಗೋಲ್ಡ್ ಪ್ಲೇಟಿಂಗ್ ಅಂತಾರೆ. ಕೇಳದೆ ಕೊಟ್ಟದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳಲ್ಲ, ಕೆಟ್ಟಾಗ ಬೈತಾರೆ. 21ಕ್ಕೆ ಒಂದೊಂದಕ್ಕೂ ದಿನ ಮತ್ತು ದುಡ್ಡು ಹಾಕಿ ಎದುರಿಗಿಡು. ನಾಶಿಕ್ ಈ ಪಟ್ಟಿಯಲ್ಲಿ ಬೇಡ, ಅದು ಬೇರೆ ಪ್ರಾಜೆಕ್ಟ್, ಬೇರೆ ಒಪ್ಪಂದ. ಪುಕ್ಕಟೆ ಮಾಡುವುದನ್ನೂ ಬರೆದೇ ಮಾಡು, ಸೊನ್ನೆ ರೂಪಾಯಿ ಅಂತ.

ಘಾಟ್ಕೋಪರ್ ಶೆಟ್ರು

ಅಕ್ಕಾ, 14 ಸರಿ. ಆ 11 ಪೂರ್ತಿ ಪುಕ್ಕಟೆ ಯಾಕೆ? ಹಮಾಲರು ಮರಾಠಿ ಓದುವುದು ಸೇಠ್‌ಜಿಗೆ ಗೊತ್ತಿರಲಿಲ್ವಾ? ಅವರೂ ಹೇಳಬೇಕಿತ್ತು. ಅರ್ಧ ಅವರು ಹೊರಲಿ.

ಐರೋಲಿ ಅಕ್ಕ

ಕೇಳುವುದು ನಮ್ಮ ಕಸುಬು ಶೆಟ್ರೇ. ಅವರಿಗೆ ದಿನಾ ಕಾಣುವ ಸಂಗತಿ, ಹೇಳಬೇಕು ಅಂತಲೇ ಹೊಳೆಯುವುದಿಲ್ಲ.

ಘಾಟ್ಕೋಪರ್ ಶೆಟ್ರು

ನಾನಾಗಿದ್ದರೆ ಅರ್ಧ ವಸೂಲಿ ಮಾಡುತ್ತಿದ್ದೆ. ಇರಲಿ, ನಿಮ್ಮ ದುಡ್ಡು, ನಿಮ್ಮ ಲವಂಗ.

ವಾಕಡ್ ಹುಡುಗ

ಕೊನೆಯ ವರದಿ. ಮಂಗಳವಾರ ಮೀಟಿಂಗ್ ಆಯ್ತು. ಮೊದಲು ನಮ್ಮ 25 ತಪ್ಪುಗಳ ಪಟ್ಟಿ ಕೊಟ್ಟೆ, ಇವು ನಮ್ಮ ಖರ್ಚು ಅಂದೆ. ಸೇಠ್‌ಜಿ ಕನ್ನಡಕ ಏರಿಸಿ ನನ್ನ ಮುಖ ನೋಡಿದರು. ಆಮೇಲೆ ನಾಶಿಕ್ ಬಿಟ್ಟು ಉಳಿದ 20ರ ಪಟ್ಟಿ, ದಿನ ಮತ್ತು ದುಡ್ಡಿನ ಜೊತೆ. ಅವರು ಜೇಬಿನಿಂದ ಪೆನ್ನು ತೆಗೆದು ತಾವೇ ಹೊಡೆದು ಹಾಕಲು ಶುರು ಮಾಡಿದರು. ಒಂದು ಸಾಲಿಗೆ ಬಂದಾಗ, "ಹೇ ಕೋಣೀ ಮಾಗಿತಲಂ?" ಅಂದರು. ಇದನ್ನು ಯಾರು ಕೇಳಿದ್ದು ಅಂತ. ಅವರದೇ ವಾಟ್ಸಾಪ್ ತೋರಿಸಿದೆ. ಲೆಕ್ಕದವರು ಕೆಮ್ಮಿದರು.

20ರಲ್ಲಿ 12 ಹೋದವು. 8 ಉಳಿದವು, 26 ದಿನ, 3 ಲಕ್ಷ 40 ಸಾವಿರ. ಚೌಕಾಸಿ ಮಾಡಿ 2 ಲಕ್ಷ 90ಕ್ಕೆ ಇಳಿಸಿದರು. ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಅಂದಾಗ "ಬಿಲ್ ಇಲ್ಲದೆ ಆಗಲ್ವಾ" ಅಂತ ಒಂದು ಮಾತು ಬಂತು, ಆಗಲ್ಲ ಅಂದೆ. ಅದೊಂದಕ್ಕೆ "ಆಗಲ್ಲ" ಅನ್ನುವುದು ಸುಲಭ ಆಯ್ತು ನೋಡಿ. ಆ 30 ಪರ್ಸೆಂಟ್‌ನಲ್ಲಿ ಅರ್ಧ ನಮ್ಮ 25 ತಪ್ಪು ಸರಿಯಾದ ದಿನ, ಉಳಿದದ್ದು ಲೈವ್ ಆದ ದಿನ. ಲೈವ್ ಅಂದರೆ ಏನು ಅನ್ನುವುದನ್ನು ಮೂರು ಸಾಲಿನಲ್ಲಿ ಬರೆದು ಸಹಿ ಹಾಕಿಸಿದ್ದೇನೆ. ನಾಶಿಕ್ ವಿಷಯ ಅಳಿಯನ ಜೊತೆ ಮುಂದಿನ ತಿಂಗಳು.

ಶೆಟ್ರೇ, ಬರುವಾಗ ಅಪ್ಪಾ ಬಳವಂತ ಚೌಕದಲ್ಲಿ ಇಳಿದು ಕಾರ್ಬನ್ ಡೂಪ್ಲಿಕೇಟ್ ಬುಕ್ ತಂದೆ. ಮೊದಲನೇ ಹಾಳೆ: ಬಟನ್ ದೊಡ್ಡದು ಮಾಡುವುದು, ದಿನ 1, ರೂಪಾಯಿ 0, ಸಹಿ. ಗುಲಾಬಿ ಹಾಳೆಯನ್ನು ಸೇಠ್‌ಜಿ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಘಾಟ್ಕೋಪರ್ ಶೆಟ್ರು

ಹೆಬ್ಬೆರಳಿಗೆ ಈಗ ಬಟನ್ ಕೇಳುತ್ತಾ?

ವಾಕಡ್ ಹುಡುಗ

ಅರಿಶಿನಕ್ಕೆ ಕೇಳುತ್ತೆ. ನಾಳೆ ಮೆಣಸಿನ ಪುಡಿ ಕಡೆ ಹೋಗಬೇಕು, ಮಾಸ್ಕ್ ತಗೊಂಡು.